ಕೆನಡಾ ಫುಟ್‌ಬಾಲ್ ಮತ್ತು ಒಬ್ಬ ಕ್ವಾರ್ಟರ್‌ಬ್ಯಾಕ್‌ನ ಹೋರಾಟ

 

ಫುಟ್‌ಬಾಲ್ ಅಂದ ಕೂಡಲೇ ನಮ್ಮೆಲ್ಲರ ಕಣ್ಣ ಮುಂದೆ ಬರುವುದು ಕಾಲಿನಲ್ಲಿ ಒದೆಯುವ ದುಂಡನೆ ಚೆಂಡು. ಆದರೆ ಕೆನಡಾ ದೇಶದವರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ. ಅದರ ಚೆಂಡು ದುಂಡಗಿಲ್ಲ, ಎರಡೂ ತುದಿ ಚೂಪಾಗಿ, ಸುಲಿಯದ ತೆಂಗಿನಕಾಯಿಯ ಹಾಗೆ ಇರುತ್ತದೆ. ಹೆಚ್ಚು ಹೊತ್ತು ಅದು ಇರುವುದು ಕಾಲಲ್ಲಲ್ಲ, ಕೈಯಲ್ಲಿ! ಈ ಆಟದಲ್ಲಿ ಒಂದು ಮುಖ್ಯ ಸ್ಥಾನವಿದೆ. ಅದರ ಹೆಸರು ಕ್ವಾರ್ಟರ್‌ಬ್ಯಾಕ್. ಕೆನಡಾದಲ್ಲಿ ಹುಟ್ಟಿದ ಹುಡುಗನಿಗೆ ಕೆನಡಾದ ಲೀಗ್‌ನಲ್ಲೇ ಆ ಸ್ಥಾನ ಸಿಗುವುದು ಬಲು ಕಷ್ಟ ಎಂದರೆ ನಂಬುತ್ತೀರಾ? ನನಗೂ ಮೊದಲು ನಂಬಿಕೆ ಬರಲಿಲ್ಲ. ಓದುತ್ತಾ ಹೋದ ಹಾಗೆ ಇದರ ಹಿಂದಿನ ಕಾರಣಗಳು ತಿಳಿದವು. ಆ ಕಾರಣಗಳನ್ನೂ, ನೇಥನ್ ರೋರ್ಕ್ ಎಂಬ ಯುವಕ ಆ ಸ್ಥಾನಕ್ಕಾಗಿ ಪಟ್ಟ ಪಾಡನ್ನೂ ಈ ಸಲದ ಗೋಡೆ ಪತ್ರಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಟ ಹೇಗಿರುತ್ತದೆ?

ಮೊದಲು ಮೈದಾನದ ಅಳತೆ ನೋಡೋಣ. ಉದ್ದ 110 ಗಜ, ಅಗಲ 65 ಗಜ. ಒಂದು ಗಜ ಎಂದರೆ 3 ಅಡಿ. ಹಾಗಾಗಿ ಉದ್ದ ಹೆಚ್ಚುಕಡಿಮೆ ನಮ್ಮ ನೂರು ಮೀಟರ್ ಓಟದ ದೂರದಷ್ಟಾಯಿತು. (2027ರಿಂದ ಉದ್ದವನ್ನು 100 ಗಜಕ್ಕೆ ಇಳಿಸುತ್ತೇವೆ ಎಂದು ಲೀಗ್‌ನವರು 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ್ದಾರೆ.) ಮೈದಾನದ ಎರಡೂ ತುದಿಗಳಲ್ಲಿ 'ಎಂಡ್ ಜೋನ್' ಎಂಬ ಅಗಲವಾದ ಪಟ್ಟಿ ಇರುತ್ತದೆ. ಚೆಂಡನ್ನು ಎದುರಾಳಿಯ ಎಂಡ್ ಜೋನಿನೊಳಗೆ ಒಯ್ದರೆ, ಅಥವಾ ಅಲ್ಲಿ ನಿಂತ ತನ್ನ ಕಡೆಯವನು ಹಿಡಿದರೆ, ಅದು 'ಟಚ್‌ಡೌನ್'. ಅದಕ್ಕೆ 6 ಅಂಕ. ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ದಾಟಿಸಿದರೆ 3 ಅಂಕ.

ಒಂದೊಂದು ಕಡೆ 12 ಜನ ಆಡುತ್ತಾರೆ. ಚೆಂಡು ಇರುವ ತಂಡಕ್ಕೆ 3 ಅವಕಾಶ. ಒಂದೊಂದು ಅವಕಾಶಕ್ಕೆ 'ಡೌನ್' ಎಂದು ಹೆಸರು. ಈ ಮೂರು ಡೌನ್‌ಗಳಲ್ಲಿ ಕನಿಷ್ಠ 10 ಗಜ ಮುಂದೆ ಹೋಗಬೇಕು. ಹತ್ತು ಗಜ ಎಂದರೆ 30 ಅಡಿ, ನಮ್ಮ ತರಗತಿಯ ಕೋಣೆಗಿಂತ ತುಸು ಉದ್ದ. ಅಷ್ಟು ದೂರ ಹೋದರೆ ಮತ್ತೆ ಹೊಸದಾಗಿ 3 ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು.

ಕೇಳೋದಕ್ಕೆ ಸುಲಭ ಅನ್ನಿಸುತ್ತದೆ ಅಲ್ವಾ? ಆದರೆ ಎದುರಿಗೆ ನಿಂತ 12 ಜನ ಸುಮ್ಮನೆ ಬಿಡುವುದಿಲ್ಲ. ಕಬಡ್ಡಿಯಲ್ಲಿ ರೈಡರ್‌ನನ್ನು ಹಿಡಿದು ಕೆಡವುವ ಹಾಗೆ ಚೆಂಡು ಹಿಡಿದವನನ್ನು ಕೆಡವುತ್ತಾರೆ. ಆಟಗಾರರ ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಪ್ಯಾಡ್ ಇರುವುದು ಅದಕ್ಕೇ.

ಪಕ್ಕದ ಅಮೆರಿಕದಲ್ಲೂ ಇಂಥದೇ ಆಟ ಇದೆ. ಆದರೆ ಅಲ್ಲಿ ಅವಕಾಶ 4, ಆಟಗಾರರು 11, ಮೈದಾನವೂ ಚಿಕ್ಕದು. ಕೆನಡಾದಲ್ಲಿ ಒಂದು ಅವಕಾಶ ಕಡಿಮೆ. ಮೂರನೆಯ ಡೌನ್‌ನಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದುಬಿಡುತ್ತಾರೆ, ಇಲ್ಲದಿದ್ದರೆ ಎದುರಾಳಿಗೆ ಹತ್ತಿರದಲ್ಲೇ ಚೆಂಡು ಸಿಕ್ಕಿಬಿಡುತ್ತದೆ. ಹಾಗಾಗಿ ನಿಜಕ್ಕೂ ಕೈಗೆ ಸಿಗುವುದು ಎರಡೇ ಅವಕಾಶ. ಎರಡರಲ್ಲಿ 10 ಗಜ ದಾಟಬೇಕಾದರೆ ಓಡಿ ಪೂರೈಸುವುದು ಕಷ್ಟ, ಎಸೆಯಲೇಬೇಕು. ಎಸೆಯುವವನು ಯಾರು? ಅವನೇ ಕ್ವಾರ್ಟರ್‌ಬ್ಯಾಕ್!

ಕ್ವಾರ್ಟರ್‌ಬ್ಯಾಕ್ ಎಂದರೆ ಯಾರು?

ಯಕ್ಷಗಾನದಲ್ಲಿ ಭಾಗವತರು ಪದ ಎತ್ತದೆ ವೇಷಗಳು ಕುಣಿಯುವುದಿಲ್ಲ. ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಹಾಗೆ. ಪ್ರತಿ ಡೌನ್‌ಗೂ ಮುಂಚೆ ಆತ ತನ್ನ ಕಡೆಯವರನ್ನು ಗುಂಪು ಸೇರಿಸಿ ಈ ಸಲ ಯಾರು ಎತ್ತ ಓಡಬೇಕು, ಯಾರು ಅಡ್ಡ ನಿಲ್ಲಬೇಕು ಅಂತ ಹೇಳುತ್ತಾನೆ. ಆಮೇಲೆ ಚೆಂಡು ಅವನ ಕೈಗೆ ಬರುತ್ತದೆ. ಬಂದ ಮೇಲೆ ಎರಡು ಮೂರು ಸೆಕೆಂಡಿನಲ್ಲಿ ಎಲ್ಲ ತೀರ್ಮಾನ ಆಗಬೇಕು. ಓಡುತ್ತಿರುವ ಐದಾರು ಜನರಲ್ಲಿ ಯಾರ ಸುತ್ತ ಎದುರಾಳಿ ಇಲ್ಲ? ಅವನು ಇನ್ನೆರಡು ಹೆಜ್ಜೆ ಇಟ್ಟ ಮೇಲೆ ಎಲ್ಲಿರುತ್ತಾನೆ? ಅಲ್ಲಿಗೆ ಚೆಂಡು ಎಷ್ಟು ಎತ್ತರದಲ್ಲಿ ಹೋಗಬೇಕು? ಇಷ್ಟು ಯೋಚಿಸುತ್ತಿರುವಾಗಲೇ ತನ್ನನ್ನು ಕೆಡವಲು ನುಗ್ಗಿ ಬರುವವರಿಂದಲೂ ತಪ್ಪಿಸಿಕೊಳ್ಳಬೇಕು. ಎಸೆದದ್ದು ಎದುರಾಳಿಯ ಕೈಗೆ ಸಿಕ್ಕಿದರೆ ಅದಕ್ಕೆ 'ಇಂಟರ್‌ಸೆಪ್ಷನ್' ಎನ್ನುತ್ತಾರೆ. ಗೆದ್ದರೆ ಹೂವಿನ ಹಾರ, ಸೋತರೆ ಬೈಗುಳ, ಎರಡೂ ಮೊದಲು ಬೀಳುವುದು ಅವನ ಕೊರಳಿಗೇ.

ಇನ್ನೊಂದು ಕಷ್ಟ ಇದೆ. ಕ್ರಿಕೆಟ್ ತಂಡದಲ್ಲಿ ವಿಕೆಟ್‌ಕೀಪರ್ ಒಬ್ಬನೇ. ಎರಡನೇ ಕೀಪರ್ ಎಷ್ಟೇ ಚೆನ್ನಾಗಿದ್ದರೂ ಬೆಂಚಿನ ಮೇಲೆ ಕೂರಬೇಕು. ಕ್ವಾರ್ಟರ್‌ಬ್ಯಾಕ್ ಕಥೆಯೂ ಹಾಗೇ. ಓಡುವವರು ಹಲವರು, ತಡೆಯುವವರು ಹಲವರು, ಎಸೆಯುವವನು ಮಾತ್ರ ಒಬ್ಬ. ಕೆನಡಿಯನ್ ಫುಟ್‌ಬಾಲ್ ಲೀಗ್‌ನಲ್ಲಿ 9 ತಂಡಗಳಿವೆ, ಅಂದರೆ 9 ಕುರ್ಚಿ. ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ 32 ತಂಡ, 32 ಕುರ್ಚಿ. ಎರಡೂ ದೊಡ್ಡ ಲೀಗ್ ಸೇರಿಸಿದರೆ 41. ಈ 41 ಕುರ್ಚಿಗಾಗಿ ಎರಡು ದೇಶಗಳ ಸಾವಿರಾರು ಹುಡುಗರು ಕಾಲೇಜು ಮೈದಾನಗಳಲ್ಲಿ ಬೆವರು ಸುರಿಸುತ್ತಾರೆ.

ಹಿತ್ತಲ ಗಿಡ ಮದ್ದಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಕೆನಡಾದ ಲೀಗ್‌ನಲ್ಲಿ ಅಮೆರಿಕದ ಆಟಗಾರರು ಬಹಳ. ಅಮೆರಿಕದ ಕಾಲೇಜುಗಳಲ್ಲಿ ಆಡಿ, ಅಲ್ಲಿಯ ಲೀಗ್‌ನಲ್ಲಿ ಜಾಗ ಸಿಗದವರು ಕೆನಡಾಕ್ಕೆ ಬರುತ್ತಾರೆ. ಹೀಗೇ ಬಿಟ್ಟರೆ ತಂಡಗಳಲ್ಲಿ ಕೆನಡಾದವರೇ ಇಲ್ಲದಂತಾಗುತ್ತದೆ ಎಂದು ಲೀಗ್‌ನವರು ಒಂದು ನಿಯಮ ಮಾಡಿದರು. ಪಂದ್ಯ ಶುರುವಾಗುವಾಗ ದಾಳಿಗೆ 12, ರಕ್ಷಣೆಗೆ 12, ಹೀಗೆ 24 ಜನ ಇರುತ್ತಾರಲ್ಲ, ಅವರಲ್ಲಿ ಇಷ್ಟು ಮಂದಿ ಕೆನಡಾದವರು ಇರಲೇಬೇಕು. ಬಹುಕಾಲ ಈ ಸಂಖ್ಯೆ 7 ಇತ್ತು.

ಒಳ್ಳೆಯ ನಿಯಮವೇ. ಆದರೆ ಇದರಲ್ಲಿ ಒಂದು ತೂತು ಇತ್ತು. ಕ್ವಾರ್ಟರ್‌ಬ್ಯಾಕ್‌ನನ್ನು ಈ ಲೆಕ್ಕದಿಂದ ಹೊರಗೆ ಇಟ್ಟಿದ್ದರು! ಹತ್ತಾರು ವರ್ಷ ಇದು ಹೀಗೇ ನಡೆಯಿತು. ಒಂದು ತಂಡ ಕೆನಡಾದ ಹುಡುಗನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದರೂ ಏಳರ ಲೆಕ್ಕಕ್ಕೆ ಅವನು ಸೇರುತ್ತಿರಲಿಲ್ಲ. ಹಾಗಿದ್ದ ಮೇಲೆ ಕೋಚ್‌ಗಳು ಏನು ಮಾಡುತ್ತಾರೆ ಹೇಳಿ? ಕೆನಡಾದ ಹುಡುಗರನ್ನು ಅಡ್ಡ ನಿಲ್ಲುವ ಜಾಗಕ್ಕೆ, ಓಡುವ ಜಾಗಕ್ಕೆ ಹಾಕಿ ಏಳು ಪೂರೈಸುತ್ತಾರೆ. ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಅಮೆರಿಕದವನನ್ನೇ ತರುತ್ತಾರೆ.

ಇದರ ಪರಿಣಾಮ ಕೆಳಗಿನವರೆಗೂ ಮುಟ್ಟಿತು. ಮೇಲೆ ಜಾಗ ಇಲ್ಲ ಎಂದು ತಿಳಿದ ಮೇಲೆ ಶಾಲಾ ಕಾಲೇಜಿನಲ್ಲಿ ಚೆನ್ನಾಗಿ ಎಸೆಯುವ ಹುಡುಗ ಏನು ಮಾಡಬೇಕು? ಬೇರೆ ಸ್ಥಾನಕ್ಕೆ ಬದಲಾಗುತ್ತಾನೆ, ಇಲ್ಲ ಆಟವನ್ನೇ ಬಿಡುತ್ತಾನೆ. ಆಗ ನೋಡಿದವರು, 'ನೋಡ್ರಪ್ಪಾ, ಕೆನಡಾದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳೇ ಹುಟ್ಟೋದಿಲ್ಲ' ಅನ್ನುತ್ತಾರೆ. ಅವಕಾಶ ಕೊಡದೇ ಇರುವುದು ಒಂದು, ಆಮೇಲೆ ಯೋಗ್ಯತೆ ಇಲ್ಲ ಅನ್ನುವುದು ಇನ್ನೊಂದು. ನಮ್ಮ ಹಿರಿಯರು 'ಹಿತ್ತಲ ಗಿಡ ಮದ್ದಲ್ಲ' ಅಂತ ಹೇಳುವುದು ಇದಕ್ಕೇ ಇರಬೇಕು. 2010ರ ದಶಕ ಮುಗಿಯುವ ಹೊತ್ತಿಗೆ ಈ ನಿಯಮವನ್ನು ತಿದ್ದಿ, ಕೆನಡಾದ ಕ್ವಾರ್ಟರ್‌ಬ್ಯಾಕ್‌ನನ್ನೂ ಲೆಕ್ಕಕ್ಕೆ ಸೇರಿಸಿದರು. ಕಾಗದದ ಮೇಲಿನ ನಿಯಮ ಬೇಗ ಬದಲಾಯಿತು. ಜನರ ಮನಸ್ಸಿನಲ್ಲಿ ಕೂತದ್ದು ಅಷ್ಟು ಬೇಗ ಬದಲಾಗುವುದಿಲ್ಲ.

ಇದೇ ಲೀಗ್ ಬೇರೆಯವರಿಗೆ ದಾರಿ ತೋರಿಸಿದ್ದನ್ನೂ ಹೇಳಬೇಕು. ಅಮೆರಿಕದ ವಾರನ್ ಮೂನ್ ಕಪ್ಪು ವರ್ಣೀಯ ಕ್ವಾರ್ಟರ್‌ಬ್ಯಾಕ್. 1978ರಲ್ಲಿ ಅಮೆರಿಕದ ಯಾವ ತಂಡವೂ ಅವರನ್ನು ಡ್ರಾಫ್ಟ್‌ನಲ್ಲಿ ಆರಿಸಲಿಲ್ಲ. ಅವರು ಕೆನಡಾದ ಎಡ್ಮಂಟನ್‌ಗೆ ಬಂದರು. 1978ರಿಂದ 1982ರವರೆಗೆ ಸತತ 5 ವರ್ಷ ಆ ತಂಡ ಗ್ರೇ ಕಪ್ ಗೆದ್ದಿತು. ಆಮೇಲೆ ಅಮೆರಿಕದವರೇ ಅವರನ್ನು ಕರೆದರು. ಊರ ಹೊರಗಿನವರ ಬೆಲೆ ತಿಳಿದ ಲೀಗ್‌ಗೆ ಮನೆ ಮಕ್ಕಳ ಬೆಲೆ ತಿಳಿಯುವುದು ತಡವಾಯಿತು, ಅಷ್ಟೆ.

(ಗ್ರೇ ಕಪ್ ಎಂದರೆ ಈ ಆಟದ ದೊಡ್ಡ ಬಹುಮಾನ. ಆಗ ಕೆನಡಾದ ಗವರ್ನರ್ ಜನರಲ್ ಆಗಿದ್ದ ಅರ್ಲ್ ಗ್ರೇ ಅವರು ಕೊಟ್ಟ ಕಪ್ ಇದು. 1909ರಿಂದ ಇದಕ್ಕಾಗಿ ಪಂದ್ಯ ನಡೆಯುತ್ತಿದೆ.)

ಗಣಿತದ ಮೇಷ್ಟ್ರು ರಸ್ ಜಾಕ್ಸನ್

ಹಾಗಾದರೆ ಕೆನಡಾದಲ್ಲಿ ಹುಟ್ಟಿದ ದೊಡ್ಡ ಕ್ವಾರ್ಟರ್‌ಬ್ಯಾಕ್ ಒಬ್ಬರೂ ಇರಲಿಲ್ಲವೇ? ಇದ್ದರು. ಅವರ ಹೆಸರು ರಸ್ ಜಾಕ್ಸನ್. ಹ್ಯಾಮಿಲ್ಟನ್ ಊರಿನವರು, ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದವರು. ಒಟ್ಟಾವಾ ತಂಡಕ್ಕೆ ಆಡುತ್ತಾ ಶಾಲೆಯಲ್ಲಿ ಪಾಠವನ್ನೂ ಹೇಳಿದರು, ಮುಂದೆ ಮುಖ್ಯೋಪಾಧ್ಯಾಯರೂ ಆದರು. ನಮ್ಮ ಗುರುಗಳಿಗೆ ಇದು ಸಂತೋಷದ ಸುದ್ದಿ ಎಂದು ಭಾವಿಸುತ್ತೇನೆ!

1960, 1968 ಮತ್ತು 1969ರಲ್ಲಿ ಅವರ ತಂಡ ಗ್ರೇ ಕಪ್ ಗೆದ್ದಿತು. ಇಡೀ ಲೀಗ್‌ನ ಅತ್ಯುತ್ತಮ ಆಟಗಾರ ಎಂಬ ಪ್ರಶಸ್ತಿ ಅವರಿಗೆ 1963, 1966, 1969ರಲ್ಲಿ, ಹೀಗೆ ಮೂರು ಸಲ ಬಂತು. 1969ರ ಕಪ್ ಗೆದ್ದ ಮೇಲೆ ಅವರು ಆಟದಿಂದ ನಿವೃತ್ತರಾದರು.

ಅವರ ನಂತರ ಆ ಜಾಗ ಬರಿದಾಯಿತು. ಮಾಂಟ್ರಿಯಲ್ ತಂಡದ ಜೆರಿ ಡಾಟಿಲಿಯೋ 1980ರಲ್ಲಿ 'ಅತ್ಯುತ್ತಮ ಕೆನಡಿಯನ್' ಪ್ರಶಸ್ತಿ ಪಡೆದರು. ಆಮೇಲೆ ಬಂದವರಲ್ಲಿ ಹೆಚ್ಚಿನವರು ಎರಡನೆಯವರಾಗಿ, ಮೂರನೆಯವರಾಗಿ ಬೆಂಚಿನ ಮೇಲೆ ಕುಳಿತು ಮರೆಯಾದರು. ಬ್ರಾಂಡನ್ ಬ್ರಿಜ್ ಎಂಬ ಯುವಕನನ್ನು 2015ರಲ್ಲಿ ಮಾಂಟ್ರಿಯಲ್ ಆಯ್ದುಕೊಂಡಿತು. ಆತ 2017ರಲ್ಲಿ ಸಾಸ್ಕಾಚೆವಾನ್ ಪರ ಕೆಲವು ಪಂದ್ಯಗಳಲ್ಲಿ ಚೆನ್ನಾಗಿ ಎಸೆದ. ಆದರೂ ಮೊದಲನೆಯವನ ಕುರ್ಚಿ ಅವನಿಗೆ ಕಾಯಂ ಆಗಲಿಲ್ಲ. ಈ ಸಾಲಿನಲ್ಲಿ ಮುಂದೆ ಬಂದವನೇ ನೇಥನ್ ರೋರ್ಕ್.

ಹುಡುಗ ಊರು ಬಿಟ್ಟ

ನೇಥನ್ ಹುಟ್ಟಿದ್ದು 1998ರಲ್ಲಿ, ಕೆನಡಾದ ಪಶ್ಚಿಮ ಕರಾವಳಿಯ ವಿಕ್ಟೋರಿಯಾ ನಗರದಲ್ಲಿ. ಬೆಳೆದದ್ದು ಒಂಟಾರಿಯೋ ಪ್ರಾಂತ್ಯದ ಓಕ್‌ವಿಲ್‌ನಲ್ಲಿ. ಅಲ್ಲೇ ಇದ್ದರೆ ಅಮೆರಿಕದ ಕಾಲೇಜು ಕೋಚ್‌ಗಳ ಕಣ್ಣಿಗೆ ಬೀಳುವುದಿಲ್ಲ ಎಂದು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ಒಂದು ಚಿಕ್ಕ ಶಾಲೆಗೆ ಸೇರಿದ. ಆ ಶಾಲೆಯ ತಂಡ ಗೆದ್ದಿತು. ಆದರೂ ದೊಡ್ಡ ವಿಶ್ವವಿದ್ಯಾಲಯಗಳ ಕರೆ ಬರಲಿಲ್ಲ. ಕಾನ್ಸಾಸ್ ರಾಜ್ಯದ ಫೋರ್ಟ್ ಸ್ಕಾಟ್ ಎಂಬಲ್ಲಿಯ ಎರಡು ವರ್ಷದ ಕಾಲೇಜಿಗೆ ಸೇರಿ 2016ರಲ್ಲಿ ಅಲ್ಲಿ ಆಡಿದ. ಆಮೇಲೆ ಒಹಾಯೋ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. 2017ರಿಂದ 2019ರವರೆಗೆ ಮೂರು ವರ್ಷ ಅಲ್ಲಿ ಕ್ವಾರ್ಟರ್‌ಬ್ಯಾಕ್. ಮೂರು ವರ್ಷವೂ ಋತುವಿನ ಕೊನೆಯಲ್ಲಿ ನಡೆಯುವ 'ಬೌಲ್' ಪಂದ್ಯವನ್ನು ಅವನ ತಂಡ ಗೆದ್ದಿತು. ಅವನ ತಮ್ಮ ಕರ್ಟಿಸ್ ಕೂಡ ಅಣ್ಣನ ಹಿಂದೆಯೇ ಅದೇ ವಿಶ್ವವಿದ್ಯಾಲಯಕ್ಕೆ ಬಂದು ಕ್ವಾರ್ಟರ್‌ಬ್ಯಾಕ್ ಆದ.

2020ರಲ್ಲಿ ಓದು ಮುಗಿಯಿತು. ಅಮೆರಿಕದ ಯಾವ ತಂಡವೂ ನೇಥನ್‌ನನ್ನು ಡ್ರಾಫ್ಟ್‌ನಲ್ಲಿ ಕರೆಯಲಿಲ್ಲ. ಡ್ರಾಫ್ಟ್ ಎಂದರೆ ತಂಡಗಳು ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ಕೆನಡಾದ ಡ್ರಾಫ್ಟ್‌ನಲ್ಲಿ 14 ಜನ ಆಯ್ಕೆಯಾದ ಮೇಲೆ 15ನೆಯವನಾಗಿ ವ್ಯಾಂಕೂವರ್ ನಗರದ 'ಬಿ.ಸಿ. ಲಯನ್ಸ್' ತಂಡ ಅವನ ಹೆಸರು ಕೂಗಿತು. ಸರಿ, ಇನ್ನೇನು ಆಡಬೇಕು ಅನ್ನುವಷ್ಟರಲ್ಲಿ ಕೊರೊನಾ! 2020ರ ಇಡೀ ಋತುವೇ ರದ್ದಾಯಿತು. ಒಂದು ವರ್ಷ ಖಾಲಿ.

2021ರಲ್ಲಿ ಮೊದಲ ಪಂದ್ಯಕ್ಕೇ ಅವಕಾಶ ಸಿಕ್ಕಿತು, ಏಕೆಂದರೆ ತಂಡದ ಹಿರಿಯ ಕ್ವಾರ್ಟರ್‌ಬ್ಯಾಕ್ ಮೈಕಲ್ ರೈಲಿ ಅವರ ಮೊಣಕೈಗೆ ನೋವಾಗಿತ್ತು. ಆ ಪಂದ್ಯದಲ್ಲಿ ಲಯನ್ಸ್ ಸೋತರು. ಆಮೇಲೆ ನೇಥನ್ ರೈಲಿಯವರ ಹಿಂದೆ ಕೂತು ಕಲಿತ. ಋತುವಿನ ಕೊನೆಯ ಪಂದ್ಯದಲ್ಲಿ ಮತ್ತೆ ಕಣಕ್ಕಿಳಿದು ಎಡ್ಮಂಟನ್ ಎದುರು 43-10ರಿಂದ ಗೆದ್ದ. ಅದೇ ವರ್ಷ ಲಯನ್ಸ್ ತಂಡವನ್ನು ಕೊಂಡವರು ಅಮರ್ ಡೊಮನ್, ಪಂಜಾಬಿನಿಂದ ಹೋಗಿ ಕೆನಡಾದಲ್ಲಿ ಮರದ ವ್ಯಾಪಾರದಿಂದ ಬೆಳೆದ ಮನೆತನದವರು. ಭಾರತಕ್ಕೂ ಈ ತಂಡಕ್ಕೂ ಅಷ್ಟರ ಮಟ್ಟಿಗೆ ನಂಟು ಉಂಟು. 2022ರ ಆರಂಭದಲ್ಲಿ ರೈಲಿ ನಿವೃತ್ತರಾದರು. ತಂಡ ಹೊರಗಿನಿಂದ ಯಾರನ್ನಾದರೂ ದೊಡ್ಡ ಹೆಸರಿನವರನ್ನು ತರಬಹುದಿತ್ತು. ತರಲಿಲ್ಲ. ನೇಥನ್‌ಗೇ ಕುರ್ಚಿ ಕೊಟ್ಟಿತು.

ಹತ್ತು ಪಂದ್ಯ, ಒಂದು ಪಾದ

2022ರ ಜೂನ್. ಮೊದಲ ಪಂದ್ಯ ಎಡ್ಮಂಟನ್ ಎದುರು. ನೇಥನ್ 29 ಸಲ ಎಸೆದ, 26 ಸಲ ಚೆಂಡು ತನ್ನವರ ಕೈ ಸೇರಿತು. ಲಯನ್ಸ್ 59-15ರಿಂದ ಗೆದ್ದರು. ಮುಂದೆ ಆಗಸ್ಟ್‌ನಲ್ಲಿ ಕ್ಯಾಲ್ಗರಿ ಎದುರು ಒಂದೇ ಪಂದ್ಯದಲ್ಲಿ 488 ಗಜ ಎಸೆದು 41-40ರಿಂದ ಗೆಲ್ಲಿಸಿದ. ಇಷ್ಟು ವರ್ಷ 'ನಮ್ಮ ಹುಡುಗರ ಕೈಲಿ ಆಗೋದಿಲ್ಲ' ಎನ್ನುತ್ತಿದ್ದವರ ಬಾಯಿ ಕಟ್ಟಿಹೋಯಿತು.

ಆದರೆ ಆಗಸ್ಟ್ 19ರಂದು ರೆಜೈನಾ ನಗರದಲ್ಲಿ ಸಾಸ್ಕಾಚೆವಾನ್ ಎದುರು ಆಡುವಾಗ ಪಾದಕ್ಕೆ ಪೆಟ್ಟಾಯಿತು. ಪಾದದ ನಡುಭಾಗದ ಮೂಳೆಗಳನ್ನು ಹಿಡಿದಿಡುವ ನಾರಿನಂಥ ಕಟ್ಟುಗಳಿಗೆ ಆದ ಗಾಯ ಅದು. ಡಾಕ್ಟರುಗಳು ಅದಕ್ಕೆ 'ಲಿಸ್‌ಫ್ರಾಂಕ್' ಎನ್ನುತ್ತಾರೆ. ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಎಸೆಯುವುದು ಕೈಯಾದರೂ ಬಲ ಹುಟ್ಟುವುದು ನೆಲ ಒತ್ತುವ ಪಾದದಿಂದ ಎಂಬುದನ್ನು ನಾವು ಗುಂಡು ಎಸೆಯುವವರನ್ನು ನೋಡಿ ಬಲ್ಲೆವು. ಇಂಥ ಗಾಯದಿಂದ ಎಷ್ಟೋ ಆಟಗಾರರು ಮೊದಲಿನ ಹಾಗೆ ಆಗದೇ ಹೋದದ್ದುಂಟು. ನೇಥನ್ ಸುಮಾರು ಹತ್ತು ವಾರದಲ್ಲಿ ಮೈದಾನಕ್ಕೆ ಮರಳಿದ. ನವೆಂಬರ್‌ನಲ್ಲಿ ಕ್ಯಾಲ್ಗರಿ ಎದುರು ಸೆಮಿಫೈನಲ್ ಗೆದ್ದ. ಅದರ ಮುಂದಿನ ಪಂದ್ಯದಲ್ಲಿ ವಿನಿಪೆಗ್ ಎದುರು 28-20ರಿಂದ ಸೋತ.

ಆ ವರ್ಷ ಲೀಗ್ ಹಂತದಲ್ಲಿ ಆತ ಎಸೆದದ್ದು 324 ಸಲ, ತನ್ನವರು ಹಿಡಿದದ್ದು 255 ಸಲ. ಶೇಕಡಾ ಎಷ್ಟು? ಲೆಕ್ಕ ಹಾಕಿ ನೋಡಿ, 78.7 ಬರುತ್ತದೆ. ಬರೀ 10 ಪಂದ್ಯಗಳಲ್ಲಿ 3,349 ಗಜ, 25 ಟಚ್‌ಡೌನ್. 'ಅತ್ಯುತ್ತಮ ಕೆನಡಿಯನ್' ಪ್ರಶಸ್ತಿಯೂ ಬಂತು. 1980ರ ಡಾಟಿಲಿಯೋ ನಂತರ ಈ ಪ್ರಶಸ್ತಿ ಕ್ವಾರ್ಟರ್‌ಬ್ಯಾಕ್ ಒಬ್ಬನಿಗೆ ಬಂದದ್ದು ಅದೇ ಮೊದಲು.

ನಾಲ್ಕು ತಂಡ, ಒಂದೂ ಪಂದ್ಯ ಇಲ್ಲ

ಈಗ ಅಮೆರಿಕದಿಂದ ಕರೆ ಬಂತು. 2023ರ ಜನವರಿಯಲ್ಲಿ ನೇಥನ್ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ಜಾಗ್ವಾರ್ಸ್ ತಂಡಕ್ಕೆ ಸಹಿ ಹಾಕಿದ. ಆಗಸ್ಟ್‌ನಲ್ಲಿ ಡಲ್ಲಾಸ್ ಎದುರಿನ ಅಭ್ಯಾಸ ಪಂದ್ಯದಲ್ಲಿ ತನ್ನನ್ನು ಹಿಡಿದವರ ಕೈಯಿಂದ ಕೊಸರಿಕೊಂಡು, ಬೀಳುತ್ತಾ ಬೀಳುತ್ತಾ ಟಚ್‌ಡೌನ್ ಎಸೆದ. ಟಿ.ವಿ.ಯಲ್ಲಿ ಅದನ್ನು ತಿರುಗಿಸಿ ತಿರುಗಿಸಿ ತೋರಿಸಿದರು. ಇನ್ನೇನು ಜಾಗ ಸಿಕ್ಕಿತು ಅಂತ ಎಲ್ಲರೂ ಅಂದುಕೊಂಡರು.

ಅಷ್ಟಾದರೂ ಆ ತಿಂಗಳ ಕೊನೆಗೆ ಮುಖ್ಯ ಪಟ್ಟಿಯಿಂದ ಅವನ ಹೆಸರು ತೆಗೆದರು! 'ಪ್ರ್ಯಾಕ್ಟೀಸ್ ಸ್ಕ್ವಾಡ್'ಗೆ ಸೇರಿಸಿಕೊಂಡರು. ಇದು ವಾರವಿಡೀ ಅಭ್ಯಾಸದಲ್ಲಿ ಎದುರಾಳಿ ತಂಡದ ಪಾತ್ರ ಮಾಡಿ, ಪಂದ್ಯದ ದಿನ ಹೊರಗೆ ನಿಂತು ನೋಡುವ ಗುಂಪು. ನಾಟಕದಲ್ಲಿ ಎಲ್ಲರ ಮಾತೂ ಬಾಯಿಪಾಠ ಇದ್ದು, ಬಣ್ಣ ಹಚ್ಚುವ ಭಾಗ್ಯ ಮಾತ್ರ ಇಲ್ಲದವನ ಹಾಗೆ.

ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಕರೆದುಕೊಂಡಿತು. 2024ರ ಮೇ ತಿಂಗಳಲ್ಲಿ ಬಿಟ್ಟಿತು. ನ್ಯೂಯಾರ್ಕ್ ಜೈಂಟ್ಸ್ ಕರೆಯಿತು, ಅವರೂ ಬಿಟ್ಟರು. ಅಟ್ಲಾಂಟಾ ಫಾಲ್ಕನ್ಸ್ ಕರೆಯಿತು, ಆಗಸ್ಟ್‌ನಲ್ಲಿ ಅವರೂ ಬಿಟ್ಟರು. ಒಟ್ಟು ನಾಲ್ಕು ತಂಡ. ಅಮೆರಿಕದ ಲೀಗ್‌ನ ಲೆಕ್ಕಕ್ಕೆ ಬರುವ ಒಂದು ಪಂದ್ಯದಲ್ಲೂ ಆತ ಆಡಲಿಲ್ಲ.

ಇದನ್ನು ಓದುವಾಗ ನನಗೆ ಒಂದು ವಿಷಯ ಹೊಳೆಯಿತು. ಒಂದೊಂದು ತಂಡ ಬದಲಿಸಿದಾಗಲೂ ಆತ ಬರೀ ಊರು ಬದಲಿಸಲಿಲ್ಲ. ಪ್ರತಿ ತಂಡಕ್ಕೂ ಅದರದೇ ಗುಟ್ಟಿನ ಭಾಷೆ, ಅದರದೇ ದಪ್ಪ ಪುಸ್ತಕ ಇರುತ್ತದೆ. ನೂರಾರು ಆಟದ ನಕ್ಷೆಗಳನ್ನು ಬಾಯಿಪಾಠ ಮಾಡಬೇಕು. ಒಂದು ಪುಸ್ತಕ ಕಲಿಯುವಷ್ಟರಲ್ಲಿ ಅಲ್ಲಿಂದ ಹೊರಗೆ, ಮತ್ತೊಂದು ಪುಸ್ತಕ ಕೈಗೆ. ವರ್ಷದ ನಡುವೆ ನಾಲ್ಕು ಶಾಲೆ ಬದಲಿಸಿ, ಎಲ್ಲೂ ಪರೀಕ್ಷೆಗೆ ಕೂರಿಸದಿದ್ದರೆ ನಮಗೆ ಹೇಗಾದೀತು?

ವಾಪಸ್ ಬಂದದ್ದು ಸುಲಭವಾಗಿರಲಿಲ್ಲ

2024ರ ಆಗಸ್ಟ್‌ನಲ್ಲಿ ನೇಥನ್ ಲಯನ್ಸ್ ತಂಡಕ್ಕೆ ವಾಪಸ್ ಬಂದ. ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಅಂದುಕೊಂಡಿರಾ? ಇಲ್ಲ. ನಿಜವಾದ ಕಷ್ಟ ಶುರುವಾದದ್ದು ಆಮೇಲೆ.

ಅಷ್ಟು ಹೊತ್ತಿಗೆ ಅವನ ಕುರ್ಚಿಯಲ್ಲಿ ವರ್ನನ್ ಆಡಮ್ಸ್ ಎಂಬ ಅಮೆರಿಕದ ಆಟಗಾರ ಇದ್ದರು, ಚೆನ್ನಾಗಿಯೇ ಆಡುತ್ತಿದ್ದರು. ಅವರಿಗೆ ಗಾಯವಾಗಿದ್ದರಿಂದ ಬಂದ ಕೆಲವೇ ದಿನಗಳಲ್ಲಿ ನೇಥನ್‌ನನ್ನು ವಿನಿಪೆಗ್ ಎದುರು ಇಳಿಸಿದರು. ಸೋಲಾಯಿತು. ಎರಡು ವರ್ಷ ಅಮೆರಿಕದ 4 ಡೌನ್ ಆಟದಲ್ಲಿ, ಚಿಕ್ಕ ಮೈದಾನದಲ್ಲಿ ಅಭ್ಯಾಸ ಮಾಡಿದ ಕಣ್ಣು ಅದು. ಪಂದ್ಯದ ಬಿಸಿಯೂ ಇರಲಿಲ್ಲ. 2022ರಲ್ಲಿ ಚೆಂಡು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗುತ್ತಿತ್ತು. ಈಗ ಟಚ್‌ಡೌನ್‌ಗಿಂತ ಇಂಟರ್‌ಸೆಪ್ಷನ್‌ಗಳೇ ಹೆಚ್ಚಾದವು. ಋತುವಿನ ಕೊನೆಯ ದೊಡ್ಡ ಪಂದ್ಯಕ್ಕೆ ತಂಡ ಮತ್ತೆ ಆಡಮ್ಸ್ ಅವರನ್ನೇ ಇಳಿಸಿತು. ತನ್ನದೇ ಊರಿನ ತಂಡದಲ್ಲಿ ನೇಥನ್ ಪುನಃ ಎರಡನೆಯವನಾದ. 'ಒಂದು ವರ್ಷದ ಆಟ ಅಷ್ಟೆ, ಮುಗೀತು' ಎಂದವರು ಆಗ ಕಡಿಮೆಯೇನಿರಲಿಲ್ಲ.

ಆದರೆ ತಂಡ ಒಂದು ತೀರ್ಮಾನ ಮಾಡಿತು. ಆಡಮ್ಸ್ ಅವರನ್ನು ಕ್ಯಾಲ್ಗರಿ ತಂಡಕ್ಕೆ ಬಿಟ್ಟುಕೊಟ್ಟು ನೇಥನ್‌ನನ್ನು ಉಳಿಸಿಕೊಂಡಿತು. ಬಕ್ ಪಿಯರ್ಸ್ ಹೊಸ ಕೋಚ್ ಆಗಿ ಬಂದರು. ಪಿಯರ್ಸ್ ಹಿಂದೆ ಇದೇ ಲಯನ್ಸ್‌ಗೆ ಕ್ವಾರ್ಟರ್‌ಬ್ಯಾಕ್ ಆಗಿದ್ದವರು, ಆ ಕುರ್ಚಿಯ ಮುಳ್ಳು ಎಲ್ಲೆಲ್ಲಿ ಚುಚ್ಚುತ್ತದೆ ಎಂದು ಬಲ್ಲವರು. ನೇಥನ್‌ಗೆ ಬಹಳ ದಿನಗಳ ಮೇಲೆ ಒಂದೇ ಪುಸ್ತಕ, ಒಂದೇ ತಂಡ, ಪೂರ್ತಿ ಒಂದು ಬೇಸಿಗೆ ತಯಾರಿಗೆ ಸಿಕ್ಕಿತು.

2025ರಲ್ಲಿ ಏನಾಯಿತು ನೋಡಿ. ನಡುವೆ ಗಾಯದಿಂದ ಕೆಲವು ಪಂದ್ಯ ತಪ್ಪಿದರೂ ಆತ 5,290 ಗಜ ಎಸೆದ, 31 ಟಚ್‌ಡೌನ್ ಎಸೆದ. ಲಯನ್ಸ್ 18 ಪಂದ್ಯಗಳಲ್ಲಿ 11 ಗೆದ್ದರು. ಸೆಮಿಫೈನಲ್‌ಗೆ ಎದುರಾದವರು ಯಾರು ಗೊತ್ತಾ? ಕ್ಯಾಲ್ಗರಿ! ಆ ಕಡೆ ಕ್ವಾರ್ಟರ್‌ಬ್ಯಾಕ್ ಅದೇ ವರ್ನನ್ ಆಡಮ್ಸ್. ಕೊನೆಯ ಗಳಿಗೆಯವರೆಗೆ ಉಸಿರು ಬಿಗಿಹಿಡಿಸಿದ ಆ ಪಂದ್ಯವನ್ನು ಲಯನ್ಸ್ 33-30ರಿಂದ ಗೆದ್ದರು. ಮುಂದಿನ ವಾರ ಸಾಸ್ಕಾಚೆವಾನ್ ಎದುರು 24-21ರಿಂದ ಸೋತರು. ಗ್ರೇ ಕಪ್ ಕೈಗೆ ಬರಲಿಲ್ಲ.

ಆದರೂ ಆ ನವೆಂಬರ್‌ನಲ್ಲಿ ಲೀಗ್‌ನ 'ಅತ್ಯುತ್ತಮ ಆಟಗಾರ' ಪ್ರಶಸ್ತಿ ನೇಥನ್ ರೋರ್ಕ್‌ಗೆ ಬಂತು. 'ಅತ್ಯುತ್ತಮ ಕೆನಡಿಯನ್' ಪ್ರಶಸ್ತಿಯೂ ಅವನಿಗೇ. 1969ರ ರಸ್ ಜಾಕ್ಸನ್ ಮೇಷ್ಟ್ರ ನಂತರ ಕೆನಡಾದಲ್ಲಿ ಹುಟ್ಟಿದ ಕ್ವಾರ್ಟರ್‌ಬ್ಯಾಕ್ ಒಬ್ಬ ಅತ್ಯುತ್ತಮ ಆಟಗಾರ ಆದದ್ದು ಇದೇ ಮೊದಲು. ನಡುವೆ 56 ವರ್ಷ ಕಳೆದಿತ್ತು! ಅದೇ ವರ್ಷ ಮೈದಾನ ಚಿಕ್ಕದು ಮಾಡುವ ತೀರ್ಮಾನ ಪ್ರಕಟವಾದಾಗ ಅದು ಸರಿಯಲ್ಲ ಎಂದು ಬಹಿರಂಗವಾಗಿ ಹೇಳಿದವರಲ್ಲಿ ಆತನೂ ಒಬ್ಬ. ನಾಲ್ಕು ಊರು ಅಲೆದು ಬಂದವನಿಗೆ ತನ್ನ ಊರಿನ ಆಟ ತನ್ನ ಊರಿನದೇ ಆಗಿ ಉಳಿಯಬೇಕು ಅನ್ನಿಸಿದ್ದು ಸಹಜ ಎಂದು ನನ್ನ ಅಭಿಪ್ರಾಯ.

ಕೊನೆಯ ಮಾತು

ಗೆಳೆಯರೇ, ಈ ಕಥೆಯನ್ನು 'ಪ್ರಯತ್ನ ಪಟ್ಟರೆ ಎಲ್ಲಾ ಸಿಗುತ್ತೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡಬಹುದು. ನನಗೆ ಅದು ಪೂರ್ತಿ ಸರಿ ಎನಿಸುವುದಿಲ್ಲ. ನೇಥನ್ ಅಮೆರಿಕದಲ್ಲೂ ಪ್ರಯತ್ನ ಪಟ್ಟ, ಅಲ್ಲಿ ಸಿಗಲಿಲ್ಲ. ಬ್ರಾಂಡನ್ ಬ್ರಿಜ್ ಕೂಡ ಪ್ರಯತ್ನ ಪಟ್ಟವನೇ. ಪ್ರಯತ್ನದ ಜೊತೆಗೆ ಇನ್ನೊಂದು ಬೇಕು, ಕುರ್ಚಿ ಕೊಡುವವರ ನಂಬಿಕೆ. 2022ರಲ್ಲಿ ಲಯನ್ಸ್ ಹೊರಗಿನವರನ್ನು ತಂದಿದ್ದರೆ ನೇಥನ್ ಎಂಬ ಹೆಸರು ನಾವು ಕೇಳುತ್ತಲೇ ಇರಲಿಲ್ಲ. 2024ರ ಕೆಟ್ಟ ಆಟ ನೋಡಿ ಕೈಬಿಟ್ಟಿದ್ದರೆ 2025 ಬರುತ್ತಲೇ ಇರಲಿಲ್ಲ. ಹುಡುಗ ಕೈಬಿಡಲಿಲ್ಲ, ತಂಡವೂ ಕೈಬಿಡಲಿಲ್ಲ. ಎರಡೂ ಸೇರಿದ್ದರಿಂದ ಕೆಲಸ ಆಯಿತು.

'ಹಳ್ಳಿ ಮಕ್ಕಳಿಗೆ ಇಂಗ್ಲಿಷು ಬರೋದಿಲ್ಲ, ಹುಡುಗಿಯರಿಗೆ ಲೆಕ್ಕ ಹತ್ತೋದಿಲ್ಲ' ಎಂಬ ಮಾತುಗಳನ್ನು ನಾವೂ ಕೇಳುತ್ತಿರುತ್ತೇವೆ. ಇನ್ನು ಮೇಲೆ ಯಾರಾದರೂ ಹಾಗೆಂದರೆ ನಾನು ಮೊದಲು ಒಂದು ಪ್ರಶ್ನೆ ಕೇಳಬೇಕೆಂದಿದ್ದೇನೆ: 'ಅವರನ್ನು ಎಷ್ಟು ಸಲ ಆಡಿಸಿ ನೋಡಿದ್ದೀರಿ?'

ನೇಥನ್‌ಗೆ ಗ್ರೇ ಕಪ್ ಗೆಲ್ಲುವುದು 2025ರವರೆಗೂ ಕೈಗೂಡಿರಲಿಲ್ಲ. ಕುರ್ಚಿಯೂ ಯಾರಿಗೂ ಸ್ವಂತವಲ್ಲ, ಪ್ರತಿ ಜೂನ್‌ನಲ್ಲಿ ಹೊಸದಾಗಿ ಗೆಲ್ಲಬೇಕು. ಅವನ ಹಿಂದೆ ಬೆಂಚಿನ ಮೇಲೆ ಇನ್ನೊಬ್ಬ ಹುಡುಗ ಪುಸ್ತಕ ಬಾಯಿಪಾಠ ಮಾಡುತ್ತಾ ಕೂತೇ ಇರುತ್ತಾನೆ. ಅವನಿಗೂ ಒಳ್ಳೆಯದಾಗಲಿ.



— 10ನೇ ತರಗತಿ